ಜೆಂಟೂ ಲಿನಕ್ಸ್: ಬಿಲ್ಡ್ ಅರ್ಧಕ್ಕೆ ನಿಂತಾಗ ಹೇಗಿರುತ್ತದೆ?

ತುಮಕೂರಿನ ಬಟವಾಡಿಯ ನಮ್ಮ ಮನೆ ಡೆಸ್ಕ್‌ಟಾಪ್‌ನಲ್ಲಿ ಕೆಲವು ವರ್ಷಗಳಿಂದ ಓಡುತ್ತಿರುವುದು ಜೆಂಟೂ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಪ್ರೋಗ್ರಾಮುಗಳ ಸೋರ್ಸ್ ಕೋಡ್ ಇಳಿಸಿಕೊಂಡು ನಮ್ಮ ಮೆಷಿನ್ನಿನಲ್ಲೇ ಕಂಪೈಲ್ ಮಾಡಿಕೊಳ್ಳುವ, ಅಂದರೆ ಓಡಿಸಬಲ್ಲ ರೂಪಕ್ಕೆ ತಂದುಕೊಳ್ಳುವ ಪದ್ಧತಿ ಇದು; ಈ ಕೆಲಸಕ್ಕೇ ಬಿಲ್ಡ್ ಅನ್ನುವುದು. ಅಂದಮೇಲೆ ಬಿಲ್ಡ್ ಆಗಾಗ ಕೈಕೊಡುವುದೂ ಇದ್ದದ್ದೇ. ಇದರ ವೇಗದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಕೈಕೊಟ್ಟಾಗಿನ ಕಥೆಯನ್ನಷ್ಟೇ ಹೇಳುತ್ತೇನೆ.

ಬಿಲ್ಡ್ ನಿಂತಾಗ ಕೊನೆಯಲ್ಲಿ ಕಾಣುವ ಸಾಲುಗಳಿಂದ ಏನೂ ತಿಳಿಯುವುದಿಲ್ಲ. ಹೊಸಬರು ಅದನ್ನೇ ಕಾಪಿ ಮಾಡಿ ಸಹಾಯ ಕೇಳುತ್ತಾರೆ. ನಿಜವಾದ ಕಾರಣ ಮೇಲೆಲ್ಲೋ ಇರುತ್ತದೆ. ಪೂರ್ತಿ ಲಾಗ್ (ಬಿಲ್ಡ್‌ನ ದಾಖಲೆ) ಎಲ್ಲಿದೆ ಅಂತ ಜೆಂಟೂದ ಪ್ಯಾಕೇಜ್ ಮ್ಯಾನೇಜರ್ ಪೋರ್ಟೇಜ್ ತಾನೇ ತೋರಿಸುತ್ತದೆ. ಅದನ್ನು ತೆರೆದು ‘ಎರರ್’ ಅಂತ ಇರುವ ಮೊದಲ ಸಾಲನ್ನು ಹುಡುಕಬೇಕು. ಹಲವು ಜಾಬ್ (ಕಂಪೈಲ್ ಕೆಲಸದ ತುಂಡುಗಳು) ಒಟ್ಟಿಗೆ ಓಡಿದ್ದರೆ ಸಾಲುಗಳು ಕಲಸಿಹೋಗಿರುತ್ತವೆ. ಆಗ ಒಟ್ಟಿಗೆ ಎಷ್ಟು ಜಾಬ್ ಓಡಬೇಕು ಅಂತ ಹೇಳುವ ಮೇಕ್‌ಆಪ್ಟ್ಸ್ ಸೆಟ್ಟಿಂಗನ್ನು ಜೆ1ಕ್ಕೆ, ಅಂದರೆ ಒಂದೇ ಜಾಬ್‌ಗೆ ಇಳಿಸಿ ಇನ್ನೊಮ್ಮೆ ಓಡಿಸಿದರೆ ಸರಿ.

ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಮೆಮೊರಿ. ಕ್ಯೂಟಿ ವೆಬ್‌ಎಂಜಿನ್‌ನಂಥ (ವೆಬ್ ಪುಟ ತೋರಿಸುವ ಲೈಬ್ರರಿ) ದೊಡ್ಡ ಪ್ಯಾಕೇಜಿಗೆ ಒಂದೊಂದು ಜಾಬ್‌ಗೂ ಸುಮಾರು 2 ಜಿಬಿ ರ‍್ಯಾಮ್ ಲೆಕ್ಕ ಹಿಡಿಯಬೇಕು. (ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದರೂ ಅದು ಮುಗಿದಿರುವುದಿಲ್ಲ, ಆ ಮಾತು ಬೇರೆ.) 8 ಜಿಬಿ ಇಟ್ಟುಕೊಂಡು ಜೆ8 ಹಾಕಿದರೆ ಮೆಮೊರಿ ಸಾಲದೆ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಕಂಪೈಲರನ್ನು ಅರ್ಧದಲ್ಲಿ ನಿಲ್ಲಿಸಿಬಿಡುತ್ತದೆ. ಲಾಗ್‌ನಲ್ಲಿ ‘ಕಿಲ್ಡ್’ ಅಂತ ಕಂಡರೆ ಮೊದಲು ಕರ್ನಲ್ ಲಾಗ್ ನೋಡಿ. ಸುಮ್ನೆ ಕೋಡ್ ಮೇಲೆ ಅನುಮಾನ ಪಡಬೇಡಿ. ಪ್ಯಾಕೇಜ್.ಎನ್ವ್ ಅನ್ನುವ ಸೆಟ್ಟಿಂಗ್ ಫೈಲ್ ಮೂಲಕ ಆ ಒಂದು ಪ್ಯಾಕೇಜಿಗೆ ಮಾತ್ರ ಜೆ2 ಕೊಡಬಹುದು, ಮಿಕ್ಕಿದ್ದೆಲ್ಲ ಪೂರ್ತಿ ವೇಗದಲ್ಲೇ ನಡೆಯುತ್ತದೆ. ಜೆಂಟೂದಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಸೌಲಭ್ಯವೇ.

ಕಂಪೈಲರೇ ಎಡವಿದಾಗ ಬರುವ ‘ಇಂಟರ್ನಲ್ ಕಂಪೈಲರ್ ಎರರ್’ ಬೇರೆ ಜಾತಿಯದು. ಪ್ರತಿ ಸಲ ಅದೇ ಫೈಲು, ಅದೇ ಸಾಲಿನಲ್ಲಿ ಬಂದರೆ ಕಂಪೈಲರ್ ಬಗ್ ಇರಬಹುದು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಅಂದರೆ ಹಾರ್ಡ್‌ವೇರ್ ನೋಡಿ. ಏಪ್ರಿಲ್ ಸೆಕೆಯಲ್ಲಿ ನನ್ನದು ಹೀಗೇ ಆಡುತ್ತಿತ್ತು. ಬಿಸಿಯೇ ಕಾರಣ ಅಂತ ಫ್ಯಾನ್ ಒರೆಸಿದ್ದಾಯಿತು, ಪ್ರಯೋಜನವಾಗಲಿಲ್ಲ. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದಾಗ ಒಂದು ರ‍್ಯಾಮ್ ಸ್ಟಿಕ್ ಕೆಟ್ಟಿರುವುದು ಗೊತ್ತಾಯಿತು. ಬೇರೆ ಸಿಸ್ಟಮ್ ಆಗಿದ್ದರೆ ಬ್ರೌಸರ್ ಆಗಾಗ ಮುಚ್ಚಿಕೊಳ್ಳುತ್ತದೆ ಅಂತ ಬೈದುಕೊಂಡೇ ಇರುತ್ತಿದ್ದೆನೇನೋ.

2024ರಲ್ಲಿ ಜಿಸಿಸಿ ಕಂಪೈಲರಿನ 14ನೇ ಆವೃತ್ತಿ ಬಂದಾಗ ಹಳೇ ಸಿ ಕೋಡ್ ಸಾಕಷ್ಟು ಮುರಿಯಿತು. ಮೊದಲು ಬರೀ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದದ್ದನ್ನು, ಅಂದರೆ ಘೋಷಿಸದ ಫಂಕ್ಷನ್ ಕರೆಯುವುದನ್ನು, ಅದು ಎರರ್ ಮಾಡಿತು. ಇಂಥದಕ್ಕೆ ಜೆಂಟೂದ ದೋಷಗಳ ಪಟ್ಟಿಯಾದ ಬಗ್‌ಜಿಲ್ಲಾದಲ್ಲಿ ಹುಡುಕಿದರೆ ಎಷ್ಟೋ ಸಲ ಪ್ಯಾಚ್ (ಕೋಡ್ ತಿದ್ದುಪಡಿ) ಸಿಗುತ್ತದೆ.

ಕರೆಂಟ್ ಹೋದರೆ? ಪೋರ್ಟೇಜ್‌ಗೆ ರೆಸ್ಯೂಮ್ ಆಯ್ಕೆ ಕೊಟ್ಟರೆ ಉಳಿದ ಪ್ಯಾಕೇಜುಗಳ ಪಟ್ಟಿ ಮುಂದುವರಿಯುತ್ತದೆ, ಆದರೆ ಅರ್ಧ ಆಗಿದ್ದ ಪ್ಯಾಕೇಜ್ ಮತ್ತೆ ಮೊದಲಿಂದ. ಇದು ಹೊಟ್ಟೆ ಉರಿಸುತ್ತದೆ. 2023ರ ಡಿಸೆಂಬರ್‌ನಿಂದ ಮೊದಲೇ ಕಂಪೈಲ್ ಆಗಿರುವ ಅಧಿಕೃತ ಬೈನರಿ ಪ್ಯಾಕೇಜುಗಳ ಸಂಖ್ಯೆ ಹೆಚ್ಚಾಗಿರುವುದರಿಂದ ಲಿಬ್ರೆಆಫೀಸ್, ರಸ್ಟ್ ಈಗ ಸಿದ್ಧವಾಗಿಯೇ ಇಳಿಸಿಕೊಳ್ಳುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. 16 ಜಿಬಿ ರ‍್ಯಾಮ್, ಒಂದು ಯುಪಿಎಸ್ ಇದ್ದರೆ ಧೈರ್ಯವಾಗಿ ಹಾಕಿಕೊಳ್ಳಿ. 4 ಜಿಬಿ ಲ್ಯಾಪ್‌ಟಾಪ್ ಹಿಡಿದು ಕೇಳುವ ಕಾಲೇಜು ಹುಡುಗರಿಗೆ ನಾನು ಎಲ್ಲವೂ ಸಿದ್ಧವಾಗಿಯೇ ಸಿಗುವ ಡೆಬಿಯನ್ ಲಿನಕ್ಸನ್ನೇ ಹೇಳುತ್ತೇನೆ.