ತಣ್ಣೀರಿನ ಟಬ್, ಎರಡೂವರೆ ವರ್ಷದ ಬಳಕೆ: ಮೈಕೈ ನೋವಿಗೆ ಸರಿ, ರೋಗನಿರೋಧಕ ಶಕ್ತಿಗೆ ಅಲ್ಲ

ಈ ಟಬ್ ಮನೆಗೆ ಬಂದು ಎರಡೂವರೆ ವರ್ಷವಾಯಿತು. ಮೊದಲ ವಾರವೇ ವಿಮರ್ಶೆ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಆರು ತಿಂಗಳಿಗೆ ಬರೆದಿದ್ದರೆ ಎರಡೇ ಕೊಡುತ್ತಿದ್ದೆ. ಈಗ ನಾಲ್ಕು ಕೊಡುತ್ತೇನೆ. ಹೀಗೆ ಏರಿಳಿದದ್ದು ಯಾಕೆ ಅಂತ ಹೇಳಬೇಕು. ಯಾಕೆಂದರೆ ಇದನ್ನು ಕೊಳ್ಳುವವರಲ್ಲಿ ತುಂಬಾ ಜನ ನನ್ನ ಹಾಗೆಯೇ ಪೆಟ್ಟಿಗೆಯ ಮೇಲಿನ ಮಾತು ನಂಬಿ ಕೊಳ್ಳುತ್ತಾರೆ.

ಪೆಟ್ಟಿಗೆಯ ಮೇಲೆ ಮೂರು ಮಾತಿತ್ತು. ಉರಿಯೂತ ಇಳಿಸುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ, ಬೇಗ ಚೇತರಿಸಿಕೊಳ್ಳುತ್ತೀರಿ. ನನಗೆ ಮೂರೂ ಬೇಕಾಗಿತ್ತು. ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಎರಡು ದಿನ ಭಾರ ಎತ್ತುತ್ತೇನೆ. ಉದ್ದದ ಓಟ ಮುಗಿಸಿದ ಮರುದಿನ ಮೆಟ್ಟಿಲು ಇಳಿಯಬೇಕಾದರೆ ಕಂಬಿ ಹಿಡಿದುಕೊಳ್ಳಬೇಕಿತ್ತು. ಅದಕ್ಕಿಂತ ಜಾಸ್ತಿ ಕಾಡುತ್ತಿದ್ದದ್ದು ಗಂಟಲು. ದೊಡ್ಡ ಓಟ ಮುಗಿಸಿದ ವಾರದಲ್ಲೇ ಗಂಟಲು ಕೆರೆತ, ಆಮೇಲೆ ನೆಗಡಿ. ಇದಕ್ಕೆ ತಣ್ಣೀರು ಮದ್ದು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಮೊದಲು ವಸ್ತುವಿನ ಬಗ್ಗೆ. ಇದು ಗಾಳಿ ತುಂಬುವ ಗೋಡೆಯ ಟಬ್. ಒಬ್ಬರು ಮಂಡಿ ಮಡಚಿ ಕೂರಬಹುದು. ಸುಮಾರು 300 ಲೀಟರ್ ನೀರು ಹಿಡಿಯುತ್ತದೆ. ಪಕ್ಕದಲ್ಲಿ ನೀರು ತಣ್ಣಗೆ ಮಾಡುವ ಯಂತ್ರ, ಅಂದರೆ ಒಂದು ಚಿಲ್ಲರ್, ಎರಡು ಪೈಪು, ಒಂದು ಪೇಪರ್ ಫಿಲ್ಟರ್. ನಲ್ಲಿ ನೀರು 27 ಡಿಗ್ರಿ ಇದ್ದರೆ 12ಕ್ಕೆ ಇಳಿಯಲು ಏಳು ಗಂಟೆ ಹಿಡಿಯುತ್ತದೆ. ಆಮೇಲೆ ಮುಚ್ಚಳ ಹಾಕಿಟ್ಟರೆ ತಣ್ಣಗೇ ಇರುತ್ತದೆ.

ಮೊದಲ ಸಲ 10 ಡಿಗ್ರಿಗೆ ಇಳಿದೆ. ಸೊಂಟದವರೆಗೆ ನೀರು ಬಂದಾಗ ಉಸಿರು ನನ್ನ ಮಾತು ಕೇಳಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು, ಒಂದರ ಹಿಂದೆ ಒಂದು ಚಿಕ್ಕ ಚಿಕ್ಕ ಉಸಿರು. ಚರ್ಮ ದಿಢೀರನೆ ತಣ್ಣಗಾದರೆ ಯಾರಿಗಾದರೂ ಹೀಗೆಯೇ ಆಗುತ್ತದೆ. ಎದೆಬಡಿತ, ರಕ್ತದೊತ್ತಡ ಎರಡೂ ಜಿಗಿಯುತ್ತವೆ. ಒಂದೆರಡು ನಿಮಿಷ ತಡೆದುಕೊಂಡರೆ ಇಳಿಯುತ್ತದೆ. ಹೃದಯದ ತೊಂದರೆ, ಜಾಸ್ತಿ ಬಿಪಿ, ಚಳಿಗೆ ಬೆರಳು ಬಿಳಿಚಿಕೊಳ್ಳುವ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇಳಿಯಲೇಬಾರದು. ಯಾರೇ ಆಗಲಿ, ಮೊದಲ ಕೆಲವು ಸಲ ಒಬ್ಬರೇ ಇರುವಾಗ ಇಳಿಯಬೇಡಿ.

ಮೂರನೇ ನಿಮಿಷಕ್ಕೆ ಇನ್ನೊಂದು ವಿಷಯ ಗೊತ್ತಾಯಿತು. ಅಲ್ಲಾಡದೆ ಕೂತರೆ ಕಾಲಿನ ಸುತ್ತ ನೀರಿನ ತೆಳುವಾದ ಒಂದು ಪದರ ಬೆಚ್ಚಗಾಗುತ್ತದೆ. ಒಂದು ಬೆರಳು ಆಡಿಸಿದರೂ ಆ ಪದರ ಹರಿದು, ಹೊಸ ತಣ್ಣೀರು ಚುಚ್ಚುತ್ತದೆ. ಚಿಲ್ಲರ್‌ನ ಪಂಪು ಓಡುತ್ತಿದ್ದರಂತೂ ಪದರ ನಿಲ್ಲುವುದೇ ಇಲ್ಲ. ಪಂಪು ಓಡುವಾಗಿನ 12 ಡಿಗ್ರಿ, ನಿಂತ ನೀರಿನ 10 ಡಿಗ್ರಿಗಿಂತ ಕಟುವಾಗಿರುತ್ತದೆ. ಡಿಗ್ರಿ ಎಷ್ಟು ಅಂತ ಮಾತ್ರ ಹೇಳಿಕೊಂಡರೆ ಅರ್ಧ ಮಾತು ಹೇಳಿದ ಹಾಗೆ.

ನೋವಿನ ವಿಷಯಕ್ಕೆ ಬರುತ್ತೇನೆ. ಓಟದ ಮರುದಿನ, ಅದರ ಮರುದಿನ ತೊಡೆಯ ನೋವಿಗೆ ಹತ್ತಕ್ಕೆ ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದೇನೆ. ಟಬ್‌ಗೆ ಮೊದಲು ಸಾಮಾನ್ಯವಾಗಿ ಆರು, ಏಳು. ಟಬ್ ಬಂದ ಮೇಲೆ ನಾಲ್ಕು, ಐದು. ಸಂಶೋಧನೆಯೂ ಸುಮಾರು ಇದನ್ನೇ ಹೇಳುತ್ತದೆ. 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆಯೊಂದು 17 ಚಿಕ್ಕ ಪ್ರಯೋಗಗಳನ್ನು, ಒಟ್ಟು 366 ಜನರನ್ನು ನೋಡಿ, ಸುಮ್ನೆ ಕೂರುವುದಕ್ಕಿಂತ ತಣ್ಣೀರಲ್ಲಿ ಕೂತವರಿಗೆ ನೋವು ಕಡಿಮೆ ಅಂತ ಕಂಡುಕೊಂಡಿತು. ಆದರೆ 2014ರ ಇನ್ನೊಂದು ಪ್ರಯೋಗ ನನ್ನನ್ನು ಯೋಚನೆಗೆ ಹಚ್ಚಿತು. ಒಂದು ಗುಂಪನ್ನು ತಣ್ಣೀರಲ್ಲಿ ಕೂರಿಸಿದರು. ಇನ್ನೊಂದು ಗುಂಪಿಗೆ ಮೈಬಿಸಿಗೆ ಹತ್ತಿರದ ನೀರಿಗೆ ಸಾಧಾರಣ ಸೋಪಿನಂಥ ದ್ರವ ಹಾಕಿ, ಇದು ಚೇತರಿಕೆಯ ಎಣ್ಣೆ ಅಂತ ಹೇಳಿದರು. ಎರಡು ದಿನದಲ್ಲಿ ಕಾಲಿನ ಬಲ ಮರಳಿದ್ದು ಎರಡೂ ಗುಂಪಿಗೆ ಒಂದೇ ಥರ. ಅಂದರೆ ನನ್ನ ನೋಟ್‌ಬುಕ್ಕಿನ ಆ ಎರಡು ಅಂಕದಲ್ಲಿ ಸ್ವಲ್ಪ ನಂಬಿಕೆಯದೂ ಇರಬಹುದು. ಇದ್ದರೂ ನನಗೆ ಬೇಸರವಿಲ್ಲ. ಮೆಟ್ಟಿಲು ಸಲೀಸಾಗಿ ಇಳಿಯುತ್ತೇನೆ.

ಇನ್ನು ಉರಿಯೂತ. ನನ್ನ ಎರಡು ಸ್ಟಾರ್ ಬಂದದ್ದು ಇಲ್ಲಿಂದ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜೋರು ವ್ಯಾಯಾಮ ಮಾಡಿದಾಗ ಸ್ನಾಯುವಿನ ಎಳೆಗಳಿಗೆ ಚಿಕ್ಕ ಚಿಕ್ಕ ಪೆಟ್ಟಾಗುತ್ತದೆ. ಪೆಟ್ಟಾದ ಜಾಗಕ್ಕೆ ಮೊದಲು ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಬರುತ್ತವೆ, ಹಿಂದೆಯೇ ಮ್ಯಾಕ್ರೋಫೇಜ್‌ಗಳು. ಮುರಿದ ಚೂರುಗಳನ್ನು ಇವು ನುಂಗಿ ಗುಡಿಸುತ್ತವೆ. ಗುಡಿಸಿದ ಮೇಲೆ ಮ್ಯಾಕ್ರೋಫೇಜ್‌ಗಳು ಕೆಲಸ ಬದಲಿಸಿ, ಸ್ನಾಯುವಿನ ಮೂಲಕೋಶಗಳಿಗೆ ಇನ್ನು ಕಟ್ಟಿ ಅಂತ ಸೂಚನೆ ಕೊಡುತ್ತವೆ. ನಾವು ಉರಿಯೂತ ಅಂತ ಬೈಯುವುದು ಈ ಕೆಲಸವನ್ನೇ. ಇದು ನಡೆಯದಿದ್ದರೆ ಸ್ನಾಯು ರಿಪೇರಿಯಾಗುವುದಿಲ್ಲ, ಬಲ ಬರುವುದಿಲ್ಲ. ಹಾಗಾದರೆ ಇದನ್ನು ಇಳಿಸುತ್ತೇವೆ ಅಂತ ಪೆಟ್ಟಿಗೆಯ ಮೇಲೆ ಬರೆಯುವುದು ಒಳ್ಳೆಯ ಸುದ್ದಿಯಾ?

ಅದೂ ನಿಜವಾಗಿ ಇಳಿಯುತ್ತದೆಯೇ ಅಂದರೆ, ಅದಕ್ಕೂ ಆಧಾರ ಕಾಣಲಿಲ್ಲ. 2017ರಲ್ಲಿ ಒಂಬತ್ತು ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಕಾಲಿಗೆ ಭಾರದ ವ್ಯಾಯಾಮ ಮಾಡಿಸಿ, ಒಂದು ಸಲ 10 ಡಿಗ್ರಿ ನೀರಲ್ಲಿ 10 ನಿಮಿಷ ಕೂರಿಸಿದರು, ಇನ್ನೊಂದು ಸಲ ಹಗುರವಾಗಿ ಸೈಕಲ್ ತುಳಿಸಿದರು. ತೊಡೆಯ ಸ್ನಾಯುವಿನಿಂದ ಚೂರು ತೆಗೆದು ಪರೀಕ್ಷಿಸಿದರು. ಉರಿಯೂತದ ಕಣಗಳು, ಅವು ಬಿಡುವ ರಾಸಾಯನಿಕ ಸೂಚನೆಗಳು ಎರಡೂ ಸಲ ಏರಿದ್ದವು. ತಣ್ಣೀರಿಗೂ ಸೈಕಲ್ಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಚರ್ಮ ಕೆಂಪಾಗಿ ಮರಗಟ್ಟಿರುವಾಗ ಒಳಗೂ ಎಲ್ಲ ತಣ್ಣಗಾಯಿತು ಅನ್ನಿಸುವುದು ಸಹಜ. ಒಳಗಿನ ಕೆಲಸ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ.

ಹಾಗಂತ ಸ್ನಾಯುವಿಗೆ ತಣ್ಣೀರಿನಿಂದ ಏನೂ ಆಗುವುದಿಲ್ಲ ಅಂತಲೂ ಅಲ್ಲ. 2015ರ ಪ್ರಯೋಗದಲ್ಲಿ 21 ಗಂಡಸರು 12 ವಾರ ಭಾರ ಎತ್ತಿದರು. ಅರ್ಧದಷ್ಟು ಜನ ಪ್ರತಿ ಸಲವೂ ತಣ್ಣೀರಲ್ಲಿ ಕೂತರು, ಉಳಿದವರು ಹಗುರ ವ್ಯಾಯಾಮ ಮಾಡಿದರು. ತಣ್ಣೀರಿನ ಗುಂಪಿಗೆ ಸ್ನಾಯುವೂ ಕಡಿಮೆ ಬೆಳೆಯಿತು, ಬಲವೂ ಕಡಿಮೆ ಬಂತು. ಇದನ್ನು ನಾನು ಓದಿದ್ದು ಟಬ್ ತಂದು ಆರು ತಿಂಗಳಾದ ಮೇಲೆ. ಅಷ್ಟೂ ದಿನ ಭಾರ ಎತ್ತಿದ ಹತ್ತೇ ನಿಮಿಷಕ್ಕೆ ನೀರಿಗೆ ಇಳಿಯುತ್ತಿದ್ದೆ, ಒಂದು ದಿನವೂ ತಪ್ಪಿಸದೆ. ಭಾರ ಹೊತ್ತು ಕೂತೇಳುವ ಸ್ಕ್ವಾಟ್‌ನ ಭಾರ ಐದು ತಿಂಗಳಿಂದ ಅಲ್ಲೇ ನಿಂತಿತ್ತು. ತಣ್ಣೀರೊಂದೇ ಕಾರಣ ಅಂತ ನಾನು ಹೇಳಲಾರೆ, ಆ ದಿನಗಳಲ್ಲಿ ನಿದ್ದೆಯೂ ಸರಿಯಿರಲಿಲ್ಲ. ಆದರೂ ಭಾರ ಎತ್ತಿದ ದಿನ ಟಬ್ ಬಿಟ್ಟೆ. ಮುಂದಿನ ಮೂರು ತಿಂಗಳಲ್ಲಿ ಭಾರ ಮತ್ತೆ ಏರತೊಡಗಿತು. ಆ ಐದು ತಿಂಗಳ ಶ್ರಮ ನೆನೆದರೆ ಈಗಲೂ ಸಂಕಟವಾಗುತ್ತದೆ. ಪೆಟ್ಟಿಗೆಯ ಮೇಲೆ ಒಂದು ಸಾಲು ಎಚ್ಚರಿಕೆ ಹಾಕಿದ್ದರೆ ಸಾಕಿತ್ತು, ಅಲ್ವಾ?

ಇನ್ನು ರೋಗನಿರೋಧಕ ಶಕ್ತಿ. ಓಟಗಾರರಲ್ಲಿ ಒಂದು ಹಳೆಯ ನಂಬಿಕೆ ಇದೆ. ಜೋರು ಓಟದ ನಂತರ ಕೆಲವು ಗಂಟೆ ಮೈ ಕಿಟಕಿ ತೆರೆದಿಟ್ಟ ಹಾಗಿರುತ್ತದೆ, ರೋಗ ಸುಲಭವಾಗಿ ಒಳಗೆ ಬರುತ್ತದೆ ಅಂತ. ಇದು ಸುಮ್ನೆ ಹುಟ್ಟಿದ್ದಲ್ಲ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ 12.9 ಶೇಕಡ ಜನ ಮುಂದಿನ ವಾರ ನೆಗಡಿ, ಗಂಟಲು ನೋವು ಅಂತ ಹೇಳಿದ್ದರು. ತಯಾರಿ ಮಾಡಿಯೂ ಓಡದೆ ಉಳಿದವರಲ್ಲಿ ಅದು 2.2 ಶೇಕಡ. ರಕ್ತ ಪರೀಕ್ಷೆಯಲ್ಲೂ ಒಂದು ವಿಷಯ ಕಾಣುತ್ತದೆ. ಓಡುವಾಗ ಏರಿದ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳ ಎಣಿಕೆ, ಓಟ ಮುಗಿದು ಒಂದೆರಡು ಗಂಟೆಗೆ ಮೊದಲಿಗಿಂತ ಕೆಳಗೆ ಬೀಳುತ್ತದೆ.

ಆದರೆ ಬಿದ್ದ ಕಣಗಳು ಎಲ್ಲಿ ಹೋದವು? ಸತ್ತವು ಅಂತ ಮೊದಲು ಅಂದುಕೊಂಡಿದ್ದರು. 2018ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇದನ್ನು ಬೇರೆ ಥರ ಓದಿದರು. ಆ ಕಣಗಳು ರಕ್ತ ಬಿಟ್ಟು ಶ್ವಾಸಕೋಶ, ಕರುಳಿನಂಥ ಕಡೆಗೆ ಕಾವಲಿಗೆ ಹೋಗುತ್ತವೆ, ಒಂದು ದಿನದೊಳಗೆ ಎಣಿಕೆ ಸರಿಹೋಗುತ್ತದೆ ಅಂದರು. ಓಟಗಾರರಿಗೆ ನೆಗಡಿ ಬರುವುದಕ್ಕೆ ಜನಸಂದಣಿ, ಪ್ರಯಾಣ, ಕೆಟ್ಟ ನಿದ್ದೆ, ಆತಂಕ ಇವೂ ಕಾರಣವಾಗಬಹುದಲ್ಲ ಅಂತ ನೆನಪಿಸಿದರು. ನನ್ನ ಗಂಟಲಿನ ಕಥೆಗೆ ಇದು ಸರಿಯಾಗಿ ಹೊಂದುತ್ತದೆ. ದೊಡ್ಡ ಓಟದ ಹಿಂದಿನ ರಾತ್ರಿ ನಾನು ಎಂದೂ ಸರಿಯಾಗಿ ಮಲಗಿದ್ದಿಲ್ಲ.

ತಣ್ಣೀರಿನಿಂದ ಈ ಶಕ್ತಿ ಏರುತ್ತದೆಯೇ? ನೆದರ್‌ಲೆಂಡ್ಸ್‌ನಲ್ಲಿ 3018 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವನ್ನು ಎಲ್ಲ ಕಂಪನಿಗಳೂ ಎತ್ತಿ ಹೇಳುತ್ತವೆ. ಬಿಸಿ ಶವರ್‌ನ ಕೊನೆಗೆ 30, 60 ಅಥವಾ 90 ಸೆಕೆಂಡ್ ತಣ್ಣೀರು ಬಿಟ್ಟುಕೊಂಡವರು ಕಾಯಿಲೆಯ ಹೆಸರಲ್ಲಿ ಕೆಲಸಕ್ಕೆ ರಜೆ ಹಾಕಿದ್ದು 29 ಶೇಕಡ ಕಡಿಮೆ. ಆದರೆ ಅದೇ ಪ್ರಯೋಗದಲ್ಲಿ ಕಾಯಿಲೆ ಬಿದ್ದ ದಿನಗಳ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ. ಆ ಸಾಲನ್ನು ಯಾರೂ ಪೆಟ್ಟಿಗೆಯ ಮೇಲೆ ಹಾಕುವುದಿಲ್ಲ. 2025ರ ಜನವರಿಯಲ್ಲಿ ಬಂದ ಪರಿಶೀಲನೆಯೊಂದು 11 ಅಧ್ಯಯನಗಳ 3177 ಜನರನ್ನು ಒಟ್ಟುಗೂಡಿಸಿತು. ಅದರಲ್ಲಿ 3018 ಜನ ಆ ಶವರ್ ಪ್ರಯೋಗದವರೇ, ಉಳಿದ ಹತ್ತು ಅಧ್ಯಯನ ಸೇರಿ ಬರೀ 159. ನೀರಿಗೆ ಇಳಿದ ಕೂಡಲೇ ಮತ್ತು ಒಂದು ಗಂಟೆಯ ನಂತರ ಉರಿಯೂತದ ಸೂಚನೆಗಳು ಏರುತ್ತವೆ ಅಂತ ಅದು ಹೇಳಿತು. ಇಳಿಯುವುದಲ್ಲ, ಏರುವುದು! ಮನಸ್ಸಿನ ಒತ್ತಡ ಮಾತ್ರ 12 ಗಂಟೆಯ ನಂತರ ಕಡಿಮೆ ಕಂಡಿತು.

ನನ್ನ ಲೆಕ್ಕ ಹೀಗಿದೆ. ಟಬ್ ಬರುವ ಹಿಂದಿನ ವರ್ಷ ನಾಲ್ಕು ನೆಗಡಿ. ಮೊದಲ ವರ್ಷ ನಾಲ್ಕು, ಎರಡನೇ ವರ್ಷ ಮೂರು. ಇದರಲ್ಲಿ ಏನನ್ನೂ ಹುಡುಕಬಾರದು. ಒಮ್ಮೆ ಮೈ ಬೆಚ್ಚಗಿದ್ದಾಗ, ತಣ್ಣೀರಿಗೆ ಜ್ವರ ಓಡಿಹೋಗುತ್ತದೆ ಅಂದುಕೊಂಡು ಇಳಿದೆ. ಹೊರಗೆ ಬಂದು ಹತ್ತು ನಿಮಿಷಕ್ಕೆ ನಡುಕ ಶುರುವಾಯಿತು, ಎರಡು ಗಂಟೆ ಹೊದ್ದು ಮಲಗಿದರೂ ನಿಲ್ಲಲಿಲ್ಲ. ಜ್ವರ ಇರುವಾಗ ದಯವಿಟ್ಟು ಇಳಿಯಬೇಡಿ.

ಯಂತ್ರದ ದೂರುಗಳೂ ಇವೆ. ಪರದೆಯಲ್ಲಿ ತೋರಿಸುವ ಡಿಗ್ರಿ ಟಬ್ಬಿನದಲ್ಲ, ಚಿಲ್ಲರ್‌ನ ಬಾಯಿಯದು. ಬೇರೆ ಥರ್ಮಾಮೀಟರ್ ಅದ್ದಿ ನೋಡಿದೆ, ಟಬ್ಬಿನ ನೀರು ಎರಡು ಡಿಗ್ರಿ ಜಾಸ್ತಿ ಇತ್ತು. ಎಂಟನೇ ತಿಂಗಳಿಗೆ ಗಾಳಿಯ ವಾಲ್ವ್ ಸೋರತೊಡಗಿತು. ಹದಿನಾಲ್ಕನೇ ತಿಂಗಳಿಗೆ ಪಂಪು ನಿಂತಿತು. ಕಂಪನಿಯಿಂದ ಉತ್ತರ ಬರಲು ಐದು ವಾರ ಬೇಕಾಯಿತು. ಪಂಪನ್ನು ಉಚಿತವಾಗಿ ಬದಲಿಸಿಕೊಟ್ಟರು, ಆ ಮಾತೂ ಹೇಳಬೇಕು.

ಶುಚಿಯ ಬಗ್ಗೆ ಕೈಪಿಡಿಯಲ್ಲಿ ಎರಡೇ ಸಾಲಿದೆ, ಎರಡು ಪುಟ ಇರಬೇಕಿತ್ತು. ತಣ್ಣೀರು ಕೀಟಾಣುಗಳ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಕೊಲ್ಲುವುದಿಲ್ಲ. ಬೆವರು, ಚರ್ಮದ ಎಣ್ಣೆ ನೀರಲ್ಲೇ ಉಳಿಯುತ್ತವೆ. ಒಮ್ಮೆ ಏಳು ವಾರ ನೀರು ಬದಲಿಸದೆ ಬಿಟ್ಟಿದ್ದೆ. ಗೋಡೆಗೆ ಕೈ ಸವರಿದರೆ ಲೋಳೆ ಲೋಳೆ. ಅದೇ ವಾರ ತೊಡೆಯ ಹಿಂದೆ ಕೆಂಪು ಗುಳ್ಳೆಗಳೆದ್ದವು. ಕೂದಲ ಬುಡದ ಸೋಂಕು ಅಂದರು ಡಾಕ್ಟರು. ಈಗ ಇಳಿಯುವ ಮೊದಲು ಸ್ನಾನ ಮಾಡುತ್ತೇನೆ, ಎರಡು ವಾರಕ್ಕೆ ಫಿಲ್ಟರ್ ಬದಲಿಸುತ್ತೇನೆ, ಕ್ಲೋರಿನ್ ಪಟ್ಟಿಯಿಂದ ನೀರು ನೋಡುತ್ತೇನೆ, ನಾಲ್ಕು ವಾರಕ್ಕೆ ಪೂರ್ತಿ ಖಾಲಿ ಮಾಡುತ್ತೇನೆ.

ಈಗಿನ ಬಳಕೆ ಇಷ್ಟು. ಉದ್ದದ ಓಟದ ದಿನ, ಇಲ್ಲವೇ ಎರಡು ಓಟ ಹತ್ತಿರ ಹತ್ತಿರ ಇದ್ದಾಗ ಮಾತ್ರ. ನೀರು 12 ಅಥವಾ 13 ಡಿಗ್ರಿ, ಸೊಂಟದವರೆಗೆ, ಹತ್ತು ನಿಮಿಷ. ಹೊರಗೆ ಬಂದು ಮೈ ಒರೆಸಿ, ಒಣಬಟ್ಟೆ ಹಾಕಿಕೊಂಡು ನಿಧಾನವಾಗಿ ನಡೆಯುತ್ತೇನೆ. ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಮೈ ಒಳಗೆ ತಣ್ಣಗಾಗುತ್ತಲೇ ಇರುತ್ತದೆ, ಅದಕ್ಕೆ ಕೂಡಲೇ ಗಾಡಿ ಓಡಿಸುವುದಿಲ್ಲ. ಆ ರಾತ್ರಿ ನಿದ್ದೆ ಗಾಢವಾಗಿ ಬರುತ್ತದೆ. ನನಗೆ ಸಿಕ್ಕಿದ ದೊಡ್ಡ ಲಾಭ ಅದೇ.

ಒಂದು ಸ್ಟಾರ್ ಕಳೆದದ್ದು ಪೆಟ್ಟಿಗೆಯ ಮೇಲಿನ ಮಾತಿಗೆ. ವಾರಕ್ಕೆ ಒಂದೇ ಸಲ ಇಳಿಯುವವರಾದರೆ ಚಿಲ್ಲರ್ ಬೇಡ, ದೊಡ್ಡ ಟಬ್ಬಿಗೆ ಐಸ್ ಸುರಿದು ಥರ್ಮಾಮೀಟರ್ ಇಟ್ಟುಕೊಂಡರೆ ಸಾಕು. ವಾರಕ್ಕೆ ಎರಡು ಮೂರು ಸಲ ಬೇಕು ಅನ್ನುವವರು ಚಿಲ್ಲರ್ ಇರುವುದನ್ನೇ ಕೊಳ್ಳಿ, ಪಂಪು ಮತ್ತು ವಾಲ್ವ್‌ಗೆ ಎಷ್ಟು ವರ್ಷದ ವಾರಂಟಿ ಅಂತ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ನನ್ನ ಟಬ್ಬಿನ ಮುಚ್ಚಳದ ಹೊಲಿಗೆ ಬಿಸಿಲಿಗೆ ಬಿಚ್ಚಿಕೊಂಡಿದೆ. ಹೊಸದು ತರಿಸಿದ್ದೇನೆ.