ಕಾಯಿಲ್ ಹಾಕಿಸೋದಾ, ಕ್ಲಿಪ್ ಹಾಕಿಸೋದಾ?

ಕಲಬುರಗಿಯಲ್ಲಿ ಸ್ಕ್ಯಾನ್ ನೋಡಿ 'ಮೆದುಳಿನ ರಕ್ತನಾಳ ಉಬ್ಬಿದೆ' ಅಂದ ಕೂಡಲೇ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಅನ್ನೋ ಚರ್ಚೆ ಶುರುವಾಗುತ್ತದೆ. ಊರಿಗಿಂತ ಮೊದಲು ಚಿಕಿತ್ಸೆ ಯಾವುದು ಅಂತ ಕೇಳಬೇಕು, ಅಲ್ವಾ?

ಕ್ಲಿಪ್ ಅಂದರೆ ಉಬ್ಬಿನ ಬುಡವನ್ನು ಹೊರಗಿನಿಂದ ಒತ್ತಿ ಮುಚ್ಚುವ ಸಣ್ಣ ಲೋಹದ ಹಿಡಿಕೆ. ಅದಕ್ಕೆ ತಲೆಬುರುಡೆ ತೆರೆಯಬೇಕು. ಸುಧಾರಿಸಿಕೊಳ್ಳಲು ವಾರಗಳು ಹಿಡಿಯುತ್ತವೆ. ಆದರೆ ಸರಿಯಾಗಿ ಕೂತರೆ ಉಬ್ಬು ಮರಳುವುದು ಅಪರೂಪ.

ಕಾಯಿಲ್‌ಗೆ ತಲೆ ಕೊಯ್ಯುವುದಿಲ್ಲ. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ನಳಿಕೆ ಮೇಲೇರುತ್ತದೆ. ಎಕ್ಸ್‌ರೇ ಪರದೆ ನೋಡುತ್ತಾ ಡಾಕ್ಟರು ಕೂದಲೆಳೆಯಂಥ ಪ್ಲಾಟಿನಂ ತಂತಿಯನ್ನು ಉಬ್ಬಿನೊಳಗೆ ಬಿಡುತ್ತಾರೆ. ಅದು ಉಂಡೆಯಾಗಿ ಸುತ್ತಿಕೊಂಡು, ರಕ್ತ ಹೆಪ್ಪುಗಟ್ಟಿ, ಉಬ್ಬು ಮುಚ್ಚಿಕೊಳ್ಳುತ್ತದೆ. ಉಬ್ಬು ಒಡೆದು, ಎರಡೂ ಚಿಕಿತ್ಸೆ ಸಾಧ್ಯವಿದ್ದವರ ಮೇಲೆ ನಡೆದ ಐಸ್ಯಾಟ್ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ವರ್ಷದ ನಂತರ ಸತ್ತವರು ಅಥವಾ ಇನ್ನೊಬ್ಬರ ಆಸರೆ ಬೇಕಾದವರು ಕಾಯಿಲ್‌ನಲ್ಲಿ ನೂರಕ್ಕೆ ಸುಮಾರು 24, ಕ್ಲಿಪ್‌ನಲ್ಲಿ 31.

ಹಾಗಂತ ಸುಮ್ನೆ ಕಾಯಿಲ್ ಅನ್ನಬೇಡಿ. ಉಬ್ಬು ಮತ್ತೆ ತೆರೆದುಕೊಳ್ಳುವುದು ಇದರಲ್ಲೇ ಜಾಸ್ತಿ. ವರ್ಷಗಟ್ಟಲೆ ಸ್ಕ್ಯಾನಿಗೆ ಓಡಾಡಬೇಕು. ಯಾದಗಿರಿಯ ಹಳ್ಳಿಯವರಿಗೆ ಬಸ್ ಖರ್ಚೂ ಲೆಕ್ಕವೇ. ಉಬ್ಬಿನ ಬಾಯಿ ಅಗಲವಿದ್ದರೆ ಸ್ಟೆಂಟ್, ಅಂದರೆ ರಕ್ತನಾಳದೊಳಗೆ ಇಡುವ ಜಾಲರಿ ಕೊಳವೆ, ಬೇಕಾಗಬಹುದು, ಜೊತೆಗೆ ರಕ್ತ ತೆಳುಮಾಡುವ ಮಾತ್ರೆ. ಮೆದುಳಲ್ಲಿ ರಕ್ತ ಸೋರಿ ದೊಡ್ಡದಾಗಿ ಹೆಪ್ಪುಗಟ್ಟಿದ್ದರೆ ಕ್ಲಿಪ್ಪೇ ವಾಸಿ, ಅದನ್ನು ತೆಗೆಯಲು ಹೇಗೂ ತಲೆ ತೆರೆಯಬೇಕಲ್ಲ.

ಎರಡೂ ಸಾಧ್ಯ ಅಂದರೆ ನನ್ನ ಒಲವು ಕಾಯಿಲ್ ಕಡೆ. ಎರಡನ್ನೂ ಮಾಡುವ ಆಸ್ಪತ್ರೆಯಲ್ಲೇ ಕೇಳಿ, ಸ್ಕ್ಯಾನಿನ ಸಿಡಿ ಮರೆಯಬೇಡಿ. ಉಬ್ಬು ಒಡೆದಿದ್ದರೆ ಮಾತ್ರ ಹೋಲಿಸುತ್ತಾ ಕೂರಬೇಡಿ, ಇವತ್ತೇ ಹೊರಡಿ.