ಹುಬ್ಬಳ್ಳಿ ಕಿಡ್ನಿ ಕ್ಲಿನಿಕ್: ಡಾಕ್ಟ್ರು ಚಲೋ, ಕೌಂಟರ್ ಕಥಿ ಕೇಳಬ್ಯಾಡ್ರಿ

ಹೆಸರು ಹಾಕಂಗಿಲ್ರಿ, ಯಾಕಂದ್ರ ಅರ್ಧ ಬೈಯೋದೈತಿ. ಅಪ್ಪಾರಿಗೆ ಭಾಳ ವರ್ಷದಿಂದ ಶುಗರ್, ಈಗ ಯೂರಿನ್ನಾಗ ಪ್ರೋಟೀನ್ ಹೋಗಾಕತ್ತೈತಿ ಅಂತ ಬ್ಯಾಡಗಿಯಿಂದ ಕರ್ಕೊಂಡ್ ಹೋಗಿದ್ದೆ. ಹತ್ತಕ್ಕ ಬರ್ರಿ ಅಂದವ್ರು ಒಳಗ ಬಿಟ್ಟಿದ್ದು ಒಂದೂವರಿಗೆ, ನಡುವ ಕೇಳಾಕ ಹೋದ್ರ ಕೌಂಟರ್ ಹುಡುಗಿ ಮೊಬೈಲಿಂದ ತಲಿ ಎತ್ತಲಿಲ್ಲ. ಡಾಪಾಗ್ಲಿಫ್ಲೋಜಿನ್ ಅನ್ನೋ ಗುಳಿಗಿ 10 ಮಿಲಿಗ್ರಾಂ, ದಿನಕ್ಕೊಂದು ಅಂತ ಬರದ್ರು, ನಾಕ್ ಮಿನಿಟಿನ್ಯಾಗ ಹೊರಗ.

ತಿಂಗಳಾದ ಮ್ಯಾಲೆ ಯೂರಿನ್ ಟೆಸ್ಟ್ ಮಾಡ್ಸಿದ್ರ ಶುಗರ್ ಮೂರ್ ಪ್ಲಸ್! ಲ್ಯಾಬಿನಾವ "ಯಜಮಾನ್ರ, ಪೇಡೆ ತಿಂದೀರೇನ್ರಿ" ಅಂದುಬಿಟ್ಟ. ಅಪ್ಪ ಆವತ್ತಿಂದ ಗುಳಿಗಿನೂ ಬಂದ್, ಅನ್ನಾನೂ ಬಂದ್.

ಎರಡನೇ ಸಲ ಹೋದಾಗ ಡಾಕ್ಟ್ರು ರಿಪೋರ್ಟ್ ನೋಡಿ ನಕ್ಕರು. "ಇದು ಬರಬೇಕಾದ್ದ ರೀ" ಅಂತ ಚೀಟಿ ಹಿಂದ ಚಿತ್ರ ತಗದ್ರು. ಅಪ್ಪಾರ್ದು ಮೆಣಸಿನಕಾಯಿ ದಲಾಲಿ ಅಂಗಡಿ ಅಂತ ಗೊತ್ತಾಗಿದ್ದ ತಡ, ಹಮಾಲರ ಲೆಕ್ಕದಾಗ ಹೇಳಾಕ ಶುರು ಮಾಡಿದ್ರು. ಕಿಡ್ನಿ ದಿನಕ್ಕ ಸುಮಾರು 180 ಲೀಟರ್ ಸೋಸತೈತಂತ, ಅದರ ಜೋಡಿ ಶುಗರ್ರೂ ಇಳೀತೈತಿ, ನಳಿಗಿ ಗ್ವಾಡ್ಯಾಗ ಎಸ್‌ಜಿಎಲ್‌ಟಿ2 ಅನ್ನೋ ಹಮಾಲ ನಿಂತಿರ್ತಾನ, ಒಂದ್ ಸೋಡಿಯಂ ಜೋಡಿ ಒಂದ್ ಗ್ಲುಕೋಸ್ ಹೊತ್ತು ವಾಪಸ್ ಒಳಗ ಹಾಕೋದ ಅವನ ಕೆಲಸ. ಹೆಚ್ಚೂಕಮ್ಮಿ 90 ಪರ್ಸೆಂಟ್ ಇವನ ಹೊರತಾನ, ಉಳಿದದ್ದು ಮುಂದ ನಿಂತಿರೋ ಎಸ್‌ಜಿಎಲ್‌ಟಿ1 ಅನ್ನೋ ಇನ್ನೊಬ್ಬ ಹಮಾಲ. ಶುಗರ್ ಜಾಸ್ತಿ ಇದ್ದವ್ರಿಗೆ ಇವ ಉಪ್ಪನ್ನೂ ಮೊದಲ ಎಳಕೊಂಡ್ ಬಿಡ್ತಾನ, ಮುಂದ ನಳಿಗ್ಯಾಗ ಉಪ್ಪು ಕಮ್ಮಿ ಬಂತು ಅಂತ ಕಿಡ್ನಿ ತನ್ನ ಜರಡಿ ಮ್ಯಾಲೆ ಒತ್ತಡ ಏರಸತೈತಿ, ವರ್ಷಾನುಗಟ್ಲೆ ಹಂಗ ಆದ್ರ ಜರಡಿ ಕೆಟ್ಟು ಪ್ರೋಟೀನ್ ಸೋರತೈತಿ. ಗುಳಿಗಿ ಆ ಹಮಾಲನ್ನ ತಡೀತೈತಿ, ಅದಕ್ಕ ಶುಗರ್ ವಾಪಸ್ ಹೋಗದ ಯೂರಿನ್ನಾಗ ಬರತೈತಿ. ಅಪ್ಪ ತಟ್ಟನ "ಹಂಗಂದ್ರ ಹಮಾಲರ ಸ್ಟ್ರೈಕ್ ಅನ್ರಿ, ಮಾಲು ಅಂಗಳದಾಗ ಬಿದ್ದೈತಿ" ಅಂದ್ರು. ಡಾಕ್ಟ್ರು ಪೆನ್ ಕೆಳಗಿಟ್ಟು ನಕ್ಕರು.

ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗ ಹಾಕೋ ರಕ್ತದಾಗಿನ ಕಸ) ಮೊದಮೊದಲು ಚೂರು ಏರಬೌದು, ವಾಂತಿ ಭೇದಿ ಆದ್ರ ಇಲ್ಲಾ ಉಪವಾಸ ಇದ್ರ ಫೋನ್ ಮಾಡಿ ಕೇಳಿ ಗುಳಿಗಿ ನಿಲ್ಲಸಬೇಕು, ಫಂಗಸ್ ಆಗಬೌದು ಅದಕ್ಕ ಸ್ವಚ್ಛ ಇರ್ರಿ, ಎಲ್ಲಾ ಹೇಳಿದ್ರು. ಇದನ್ನ ಮೊದಲನೇ ಸಲಾನ ಹೇಳಿದ್ರ ಅಪ್ಪ ಅಷ್ಟು ದಿವ್ಸ ಗುಳಿಗಿ ತಪ್ಪಸ್ತಿದ್ರೇನ್ರಿ? ನನ್ನ ಸಿಟ್ಟು ಅದೊಂದ.

ಐದಕ್ಕ ಮೂರೂವರಿ ಸ್ಟಾರ್. ಹೋಗೋರು ಮೊದಲ ಕೈಯಾಗ ಪ್ರಶ್ನೆ ಬರ್ಕೊಂಡ್ ಹೋಗ್ರಿ, ಕೇಳಿದ್ರ ಅವ್ರು ಕುಂತು ಹೇಳ್ತಾರ, ಕೇಳ್ದಿದ್ರ ನಾಕ್ ಮಿನಿಟ. ಬುತ್ತಿನೂ ಕಟ್ಕೋರಿ, ಸುತ್ತಮುತ್ತ ಬರೇ ಮೆಡಿಕಲ್ ಶಾಪ್.